ತಲೆ ಮೇಲಿನ ಪೆಟ್ಟಿಗೆಗೆ ವೈರಿಂಗ್: ಫ್ಯೂಸು ಬ್ಯಾಟರಿ ಪಕ್ಕದಲ್ಲೇ ಇರಲಿ

ಪಿಕಪ್ ಇಟ್ಟುಕೊಂಡ ರೈತರು ಈಗ ಊರೂರಿಗೂ ಇದ್ದಾರೆ. ಮಾರ್ಕೆಟ್ಟಿಗೆ ಮಾಲು ಹೋಗುವುದು ಹೆಚ್ಚಾಗಿ ರಾತ್ರಿ. ಚೀಟಿ ನೋಡಲು ದೀಪ ಬೇಕು, ಮೊಬೈಲ್ ಚಾರ್ಜ್ ಆಗಬೇಕು, ಸೆಕೆಗೆ ಒಂದು ಚಿಕ್ಕ ಫ್ಯಾನ್ ಇದ್ದರೆ ಒಳ್ಳೇದು. ಇವೆಲ್ಲ ಒಟ್ಟಿಗೆ ಇರುವ, ಮುಂದಿನ ಗಾಜಿನ ಮೇಲ್ಗಡೆ ಚಾವಣಿಗೆ ಕೂರಿಸುವ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ. ಅಂಗಡಿಯವರು ಓವರ್‌ಹೆಡ್ ಕನ್ಸೋಲ್ ಅಂತಾರೆ. ನಾವು ತಲೆ ಮೇಲಿನ ಪೆಟ್ಟಿಗೆ ಅಂತೀವಿ. ಪೆಟ್ಟಿಗೆ ಕೂರಿಸುವುದು ನಾಲ್ಕು ಸ್ಕ್ರೂ ಕೆಲಸ. ಅದಕ್ಕೆ ಕರೆಂಟು ತರುವುದೇ ನಿಜವಾದ ಕೆಲಸ. ತಪ್ಪು ಮಾಡಿಸಿಕೊಂಡು, ಆಮೇಲೆ ಸರಿಯಾಗಿ ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಶಿರಾ ದಾಟಿದ ಮೇಲೆ ಬಂದ ಹೊಗೆ

2022ರ ಅಕ್ಟೋಬರ್. 26 ಚೀಲ ಈರುಳ್ಳಿ ಹೇರಿಕೊಂಡು ನಾನೂ ಮಗನೂ ಹಿರಿಯೂರು ಕಡೆಯಿಂದ ಯಶವಂತಪುರದ ಮಾರ್ಕೆಟ್ಟಿಗೆ ಹೊರಟಿದ್ದೆವು. ಪೆಟ್ಟಿಗೆ ಹಾಕಿಸಿ ಎಂಟು ತಿಂಗಳಾಗಿತ್ತು, ಚೆನ್ನಾಗೇ ಇತ್ತು. ಶಿರಾ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಸುಟ್ಟ ವಾಸನೆ ಬಂತು. ಬ್ರೇಕ್ ಲೈನರ್ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿಂದ ಹೊಗೆ ಎದ್ದಿತು.

ಗಾಡಿ ಬದಿಗೆ ಹಾಕಿ ಕೀ ತೆಗೆದೆ. ಹೊಗೆ ನಿಲ್ಲಲಿಲ್ಲ. ಪೆಟ್ಟಿಗೆಯ ಸ್ವಿಚ್ಚುಗಳನ್ನೆಲ್ಲ ಆಫ್ ಮಾಡಿದೆ. ಆಗಲೂ ನಿಲ್ಲಲಿಲ್ಲ. ಬಾನೆಟ್ ಎತ್ತಿ ನೋಡಿದರೆ ಬ್ಯಾಟರಿಯಿಂದ ಪೆಟ್ಟಿಗೆಗೆ ಹೋದ ಕೆಂಪು ವೈರು ಕರಗಿ ತೊಟ್ಟಿಕ್ಕುತ್ತಿತ್ತು. ಕೈ ಹಾಕಿ ಎಳೆಯಲು ಹೋಗಿ ಎರಡು ಬೆರಳು ಸುಟ್ಟುಕೊಂಡೆ. ಮಗ ಸೀಟಿನ ಕೆಳಗೆ ತಡಕಾಡಿ ಹತ್ತರ ಸ್ಪ್ಯಾನರ್ ತಂದು ಬ್ಯಾಟರಿಯ ಮೈನಸ್ ಬಿಚ್ಚಿದ ಮೇಲೆ ನಿಂತಿತು. ಸ್ಪ್ಯಾನರ್ ಸಿಗದೆ ಇನ್ನೊಂದು ಐದು ನಿಮಿಷ ಹೋಗಿದ್ದರೆ ಗಾಡಿ ಉಳಿಯುತ್ತಿತ್ತೋ ಇಲ್ಲವೋ.

ಪಕ್ಕದಲ್ಲಿದ್ದ ಹೆಡ್‌ಲೈಟಿನ ವೈರೂ ಸುಟ್ಟಿದ್ದರಿಂದ ರಾತ್ರಿಯೆಲ್ಲ ಅಲ್ಲೇ ಕೂತೆವು. ಬೆಳಿಗ್ಗೆ ಬೇರೆ ಗಾಡಿಗೆ ಮಾಲು ತುಂಬಿ ಕಳಿಸುವಷ್ಟರಲ್ಲಿ ಆವತ್ತಿನ ವ್ಯಾಪಾರ ಕೈಬಿಟ್ಟಿತ್ತು.

ತಪ್ಪು ಎಲ್ಲಿತ್ತು

ಗಾಡಿ ಬಿಚ್ಚಿದ ಎಲೆಕ್ಟ್ರಿಷಿಯನ್ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿದರು. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವೆ ತಗಡಿನ ಗೋಡೆ ಇರುತ್ತದೆ. ವೈರು ಆ ತಗಡಿನ ತೂತಿನಲ್ಲಿ ಬರಿಮೈಯಲ್ಲಿ ಬಂದಿತ್ತು. ಎಂಟು ತಿಂಗಳ ಕುಲುಕಾಟಕ್ಕೆ ತೂತಿನ ಚೂಪು ಅಂಚು ವೈರಿನ ಮೇಲ್ಹೊದಿಕೆ ಸವೆಸಿತ್ತು. ಗಾಡಿಯ ಬಾಡಿಯೇ ಮೈನಸ್. ಪ್ಲಸ್ ವೈರಿನ ತಾಮ್ರ ತಗಡಿಗೆ ತಾಗಿದರೆ ಶಾರ್ಟ್ ಆದಂತೆಯೇ.

'ಪೆಟ್ಟಿಗೆಯಲ್ಲಿ ಫ್ಯೂಸ್ ಇದೆಯಲ್ಲ, ಅದ್ಯಾಕೆ ಹೋಗಲಿಲ್ಲ?' ಅಂತ ಕೇಳಿದೆ. ಹಾಕಿಕೊಟ್ಟವರೂ ನನಗೆ ಅದನ್ನೇ ಹೇಳಿದ್ದರು: ಒಳಗೇ ಫ್ಯೂಸ್ ಇದೆ, ಭಯ ಇಲ್ಲ ಅಂತ.

ಇದು ನಮಗೆ ತಿಳಿಯದ ವಿಷಯವಲ್ಲ. ಕೆರೆ ನೀರಿಗೆ ತೂಬು ಎಲ್ಲಿರುತ್ತದೆ? ಏರಿಯ ಬುಡದಲ್ಲಿ. ತೂಬನ್ನು ಕೊನೆಯ ಮಡಿಯ ಹತ್ತಿರ ಇಟ್ಟರೆ, ಕಾಲುವೆ ಮಧ್ಯದಲ್ಲಿ ಒಡೆದಾಗ ಏನು ಮುಚ್ಚುತ್ತೀರಿ? ಬ್ಯಾಟರಿ ಕೆರೆ, ವೈರು ಕಾಲುವೆ, ಪೆಟ್ಟಿಗೆ ಕೊನೆಯ ಮಡಿ. ಒಡೆದದ್ದು ಮಧ್ಯದಲ್ಲಿ. ಕರೆಂಟು ಪೆಟ್ಟಿಗೆಯ ಫ್ಯೂಸಿನ ತನಕ ಹೋಗಲೇ ಇಲ್ಲ. ಪೆಟ್ಟಿಗೆಯೊಳಗಿನ ಫ್ಯೂಸು ಪೆಟ್ಟಿಗೆಯನ್ನು ಕಾಯುತ್ತದೆ. ವೈರನ್ನು ಕಾಯಲು ಬ್ಯಾಟರಿ ಬುಡದಲ್ಲಿ ಇನ್ನೊಂದು ಬೇಕು. ಸೆಲ್ಫ್ ಹೊಡೆಯುವಾಗ ನೂರಾರು ಆಂಪಿಯರ್ ಕೊಡುವ ಬ್ಯಾಟರಿಗೆ ಸಣ್ಣ ವೈರು ಸುಡುವುದು ಯಾವ ಲೆಕ್ಕ?

ಮೊದಲು ಭಾಗಾಕಾರ

ನಾನು ಓದಿದ್ದು ಏಳನೇ ಕ್ಲಾಸು. ಈ ಕೆಲಸಕ್ಕೆ ಅಷ್ಟು ಸಾಕು. ವಾಟ್ ಅನ್ನು 12ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ನನ್ನ ಪೆಟ್ಟಿಗೆಯಲ್ಲಿ 5 ವಾಟಿನ ಎರಡು ದೀಪ, 15 ವಾಟಿನ ಫ್ಯಾನ್, 30 ವಾಟಿನ ಮೊಬೈಲ್ ಚಾರ್ಜರ್. ಒಟ್ಟು 55 ವಾಟ್. 12ರಿಂದ ಭಾಗಿಸಿದರೆ 4.6 ಆಂಪಿಯರ್. ಫ್ಯೂಸು ಇದಕ್ಕಿಂತ ಸ್ವಲ್ಪ ಮೇಲಿರಬೇಕು, ವೈರು ತಡೆಯುವುದಕ್ಕಿಂತ ಕೆಳಗಿರಬೇಕು. ನಾನು ಹಾಕಿದ್ದು 7.5 ಆಂಪಿಯರ್ ಫ್ಯೂಸು.

ಗಾಡಿಯ ಚಪ್ಪಟೆ ಫ್ಯೂಸುಗಳಿಗೆ ಬಣ್ಣದ ಗುರುತಿದೆ: 7.5 ಕಂದು, 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಮೇಲೆ ಅಂಕಿಯೂ ಇರುತ್ತದೆ.

ವೈರು 1.5 ಚದರ ಮಿ.ಮೀ. ದಪ್ಪದ್ದು, ಸಣ್ಣ ಎಳೆಗಳು ಬಹಳ ಇರುವ ಗಾಡಿ ವೈರೇ ಇರಲಿ. ಒಂದೇ ಗಟ್ಟಿ ತಂತಿ ಇರುವ ಮನೆ ವೈರು ಕುಲುಕಾಟಕ್ಕೆ ಮುರಿಯುತ್ತದೆ. ತೆಳು ವೈರು ಹಾಕಿದರೆ ಬಿಸಿಯಾಗುವುದು ಒಂದು ಕಡೆ, ಪೆಟ್ಟಿಗೆಗೆ ತಲುಪುವ ವೋಲ್ಟೂ ಕಡಿಮೆ. ಹದಿನೈದು ಅಡಿ ದೂರಕ್ಕೆ ಅರ್ಧ ಚದರ ಮಿ.ಮೀ. ವೈರಿನಲ್ಲಿ 5 ಆಂಪಿಯರ್ ಹರಿದರೆ ಮುಕ್ಕಾಲು ವೋಲ್ಟಿನಷ್ಟು ದಾರಿಯಲ್ಲೇ ಸೋರಿಹೋಗುತ್ತದೆ.

ಕೀ ತೆಗೆದರೆ ಪೆಟ್ಟಿಗೆಯೂ ಆಫ್ ಆಗಬೇಕು

ನನ್ನ ಹಳೆ ವೈರಿಂಗಿನಲ್ಲಿ ಕೀ ತೆಗೆದರೂ ಕರೆಂಟು ನಿಲ್ಲುತ್ತಿರಲಿಲ್ಲ. ಇದರಿಂದ ಇನ್ನೊಂದು ತೊಂದರೆಯೂ ಇದೆ. ಎಲ್ಲ ಉರಿಯುತ್ತಾ ಬಿಟ್ಟು ಮಲಗಿದರೆ ಹತ್ತು ಗಂಟೆಗೆ 46 ಆಂಪಿಯರ್ ಅವರ್ ಖರ್ಚು. 75ರ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಬೆಳಿಗ್ಗೆ ತಳ್ಳಲು ಜನ ಹುಡುಕಬೇಕು.

ಹಾಗಂತ ಕಂಪನಿಯ ಯಾವುದೋ ವೈರು ಸುಲಿದು ಪೆಟ್ಟಿಗೆಯ ಭಾರವನ್ನೆಲ್ಲ ಅದರ ಮೇಲೆ ಹೊರಿಸಬಾರದು. ಅದಕ್ಕೆ ಇರುವುದು ರಿಲೇ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಬಿಡುವ ಸ್ವಿಚ್ಚು. ಅದರ ಕಾಲುಗಳ ಮೇಲೆ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿ ಪ್ಲಸ್ಸಿನಿಂದ ಫ್ಯೂಸ್ ದಾಟಿ ಬಂದ ವೈರು. 87ರಿಂದ ಪೆಟ್ಟಿಗೆಗೆ. 86ಕ್ಕೆ ಕೀ ಹಾಕಿದಾಗ ಮಾತ್ರ ಕರೆಂಟು ಬರುವ ಕಡೆಯಿಂದ ತೆಳು ವೈರು, ಅದನ್ನೂ ಗಾಡಿಯ ಫ್ಯೂಸಿನ ಆಚೆಯಿಂದಲೇ ತೆಗೆಯಬೇಕು. 85 ಬಾಡಿಗೆ. ರಿಲೇ ಎಳೆದುಕೊಳ್ಳಲು ಕಾಲು ಆಂಪಿಯರ್ ಕೂಡ ಬೇಡ. ಕಂಪನಿ ವೈರಿಗೆ ಅದು ಭಾರವಲ್ಲ.

ಕೆಲಸದ ಕ್ರಮ

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಮತ್ತೆ ಹಾಕುವಾಗ ಮೈನಸ್ ಕೊನೆಗೆ.

ಪ್ಲಸ್ಸಿನಿಂದ ಒಂದು ಗೇಣಿನ ಒಳಗೆ ಮುಚ್ಚಳ ಇರುವ ಫ್ಯೂಸ್ ಹೋಲ್ಡರ್ ಬರಬೇಕು. ತಗಡಿನ ತೂತಿಗೆ ರಬ್ಬರ್ ಬುಶ್ ಕಡ್ಡಾಯ. ಎಂಜಿನ್ ಕಡೆ ವೈರಿಗೆ ಸುಕ್ಕು ಪೈಪ್ ಹಾಕಿ, ಬಿಸಿ ಪೈಪಿನಿಂದಲೂ ತಿರುಗುವ ಬೆಲ್ಟಿನಿಂದಲೂ ದೂರ ಕಟ್ಟಿ. ಕ್ಯಾಬಿನ್ನಿನಲ್ಲಿ ಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್ ಬಿಚ್ಚಿ ಅದರ ಹಿಂದೆ ಮೇಲಕ್ಕೆ ತನ್ನಿ. ಆ ಕಂಬದಲ್ಲಿ ಏರ್‌ಬ್ಯಾಗ್ ಇರುವ ಗಾಡಿಯಾದರೆ ಅಲ್ಲಿ ಕೈ ಹಾಕಬೇಡಿ. ಹಳದಿ ಹೊದಿಕೆಯ ಏರ್‌ಬ್ಯಾಗ್ ವೈರನ್ನಂತೂ ಎಲ್ಲೂ ಮುಟ್ಟಬೇಡಿ. ಕಂಪನಿ ಸರ್ವಿಸಿಗೆ ಬಿಡುವುದು ಒಳ್ಳೆಯದು.

ಪೆಟ್ಟಿಗೆಯ ಸ್ಕ್ರೂ ಚಾವಣಿಯ ಒಳಗಿನ ಅಡ್ಡಪಟ್ಟಿಗೇ ಬೀಳಬೇಕು. ಡ್ರಿಲ್ ಬಿಟ್ಟಿಗೆ ಎಷ್ಟು ಆಳ ಬೇಕೋ ಅಷ್ಟಕ್ಕೆ ಟೇಪ್ ಸುತ್ತಿ. ಟೇಪ್ ತಗಡಿಗೆ ಮುಟ್ಟಿದರೆ ನಿಲ್ಲಿಸಿ. ಹೊರಗಿನ ತಗಡು ತೂತಾದರೆ ಮಳೆನೀರು ಇಳಿದು ತುಕ್ಕು ಶುರುವಾಗುತ್ತದೆ.

ಮೈನಸ್ ವೈರಿನ ಬಗ್ಗೆ ನಾವು ಅಸಡ್ಡೆ ಜಾಸ್ತಿ. ಅದೂ ಪ್ಲಸ್ಸಿನಷ್ಟೇ ದಪ್ಪ ಇರಬೇಕು. ಬಾಡಿಯ ಒಂದು ಬೋಲ್ಟಿನ ಕೆಳಗೆ ಬಣ್ಣ ಕೆರೆದು, ಲಗ್ ಒತ್ತಿ ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ. ಬಣ್ಣದ ಮೇಲೆ ಬಿಗಿದರೆ ದೀಪ ಮಿಣಮಿಣ ಅನ್ನುತ್ತದೆ. ವೈರಿಗೆ ವೈರು ತಿರುಚಿ ಟೇಪ್ ಸುತ್ತುವ ಕೆಲಸ ಬೇಡ. ಬಿಸಿಲಿಗೆ ಟೇಪಿನ ಅಂಟು ಬಿಟ್ಟುಕೊಳ್ಳುತ್ತದೆ.

ಫ್ಯೂಸ್ ಹಾಕುವ ಮುಂಚೆ

ಎಲ್ಲ ಮುಗಿದ ಮೇಲೆ, ಫ್ಯೂಸಿನ ಜಾಗದಲ್ಲಿ ಇಂಡಿಕೇಟರಿನ 21 ವಾಟ್ ಬಲ್ಬಿಗೆ ಎರಡು ವೈರು ಕಟ್ಟಿ ಸಿಕ್ಕಿಸಿ. ಪೆಟ್ಟಿಗೆಯ ಸ್ವಿಚ್ಚುಗಳೆಲ್ಲ ಆಫ್ ಇರಲಿ. ಬ್ಯಾಟರಿ ಜೋಡಿಸಿ ಕೀ ಆನ್ ಮಾಡಿ. ಬಲ್ಬು ಜೋರಾಗಿ ಉರಿದರೆ ದಾರಿಯಲ್ಲೆಲ್ಲೋ ವೈರು ಬಾಡಿಗೆ ತಾಗಿದೆ ಅಂತ ಅರ್ಥ. ಹುಡುಕಿ ಸರಿ ಮಾಡಿ. ಉರಿಯದಿದ್ದರೆ ಬಲ್ಬ್ ತೆಗೆದು ಫ್ಯೂಸ್ ಹಾಕಿ. ಬಲ್ಬು ಉರಿದು ತೋರಿಸುತ್ತದೆಯೇ ಹೊರತು ವೈರು ಸುಡಲು ಬಿಡುವುದಿಲ್ಲ.

ಫ್ಯೂಸ್ ಹೋದರೆ

ಇಲ್ಲೊಂದು ತಪ್ಪೊಪ್ಪಿಗೆ. ಬೋರಿನ ಮನೆಯ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಂತಿ ಸುತ್ತಿ ವರ್ಷಗಟ್ಟಲೆ ಓಡಿಸಿದವನು ನಾನು. ಮೋಟಾರ್ ಎರಡು ಸಲ ಸುಟ್ಟರೂ ಬುದ್ಧಿ ಬಂದಿರಲಿಲ್ಲ. ಗಾಡಿಯಲ್ಲೂ ಫ್ಯೂಸ್ ಹೋದ ಕೂಡಲೇ ತಾಮ್ರದ ಎಳೆ ಸುತ್ತುವವರಿದ್ದಾರೆ. ಫ್ಯೂಸ್ ಹೋಯಿತು ಅಂದರೆ ಅದು ತನ್ನ ಕೆಲಸ ಮಾಡಿದೆ ಅಂತ. ಅದೇ ಅಂಕಿಯ ಇನ್ನೊಂದು ಹಾಕಿ. ಅದೂ ಹೋದರೆ ಕಾರಣ ಹುಡುಕಿ, ದೊಡ್ಡ ಫ್ಯೂಸ್ ಹುಡುಕಬೇಡಿ.

ಈಗ ನಮ್ಮ ಗಾಡಿಯ ಡೋರಿನ ಖಾನೆಯಲ್ಲಿ ಹತ್ತರ ಸ್ಪ್ಯಾನರೂ ನಾಲ್ಕು ಕಂದು ಫ್ಯೂಸುಗಳೂ ಯಾವಾಗಲೂ ಇರುತ್ತವೆ. ಇದನ್ನು ಓದಿದವರು ನಾಳೆ ಬೆಳಿಗ್ಗೆ ಒಂದು ಸಲ ನಿಮ್ಮ ಬಾನೆಟ್ ಎತ್ತಿ. ಬ್ಯಾಟರಿ ಪ್ಲಸ್ಸಿನಿಂದ ಆಮೇಲೆ ಜೋಡಿಸಿದ ವೈರು ಎಷ್ಟಿವೆ ಎಣಿಸಿ. ಹಾರನ್ನಿನದೋ, ಟೇಪ್ ರೆಕಾರ್ಡರಿನದೋ, ಯಾವುದೇ ಆಗಲಿ, ಒಂದೊಂದಕ್ಕೂ ಗೇಣಿನ ಒಳಗೆ ಫ್ಯೂಸ್ ಇದೆಯಾ ನೋಡಿ. ಸೆಲ್ಫ್ ಮೋಟಾರಿಗೆ ಹೋಗುವ ಕಂಪನಿಯ ದಪ್ಪ ಕೇಬಲ್ ಮಾತು ಬೇರೆ. ಉಳಿದದ್ದಕ್ಕೆ ಇಲ್ಲದಿದ್ದರೆ, ಮುಂದಿನ ಲೋಡಿಗೆ ಮುಂಚೆ ಹಾಕಿಸಿ. ಒಂದು ಟೀ ಬನ್ನಿನ ಖರ್ಚೂ ದೊಡ್ಡದಲ್ಲ, ಇದೂ ದೊಡ್ಡದಲ್ಲ.