ಅತಿವಾಹಕ ಕುಹರಗಳ ಶೀಘ್ರ ಶ್ರುತಿಭಂಗ

ಕಣವೇಗವರ್ಧಕದಲ್ಲಿ ಎಲೆಕ್ಟ್ರಾನುಗಳಿಗೆ ಶಕ್ತಿಯೂಡುವ ನಯೋಬಿಯಂ ಕುಹರವು ತನ್ನ ಸಹಜ ಆವೃತ್ತಿಗೆ ಮಾತ್ರ ಓಗೊಡುತ್ತದೆ. ಹ್ಯಾಂಬರ್ಗಿನ ಬಳಿ 2017ರಲ್ಲಿ ಕಾರ್ಯಾರಂಭ ಮಾಡಿದ ಯೂರೋಪಿಯನ್ ಎಕ್ಸ್‌ಎಫ್‌ಇಎಲ್ ಯಂತ್ರವನ್ನೇ ನಿದರ್ಶನವಾಗಿ ನೋಡೋಣ. ಅದರ ಕುಹರಗಳಲ್ಲಿ, 2 ಕೆಲ್ವಿನ್ ಶೈತ್ಯದಲ್ಲಿ, ವಿದ್ಯುತ್‌ಕ್ಷೇತ್ರವು ಸೆಕೆಂಡಿಗೆ 130 ಕೋಟಿ ಸಲ ಸ್ಪಂದಿಸುತ್ತದೆ. ಅತಿವಾಹಕದಲ್ಲಿ ಶಕ್ತಿನಷ್ಟ ಅತ್ಯಲ್ಪವಾದುದರಿಂದ ಅನುರಣನವನ್ನು ಬಹಳ ಕಿರಿದಾಗಿಡಬಹುದು. ಆವೃತ್ತಿಯು ಸುಮಾರು 140 ಹರ್ಟ್ಸ್ ಸರಿದರೂ ಕ್ಷೇತ್ರ ಕುಗ್ಗುತ್ತದೆ.

ಒಂದು ಕುಹರಕ್ಕೆ ರೇಡಿಯೋಶಕ್ತಿಯ ಪೂರೈಕೆ ತಪ್ಪಿತೆಂದು ಭಾವಿಸೋಣ. ಧಾರೆಯನ್ನು ತಡೆಯದಿದ್ದರೆ, ಹಾದುಹೋಗುವ ಎಲೆಕ್ಟ್ರಾನ್ ಗುಚ್ಛಗಳೇ ಅದನ್ನು ಮಿಡಿಯುತ್ತವೆ. ಹೀಗೆ ಎದ್ದ ಕ್ಷೇತ್ರವು ಧಾರೆಗೆ ಇದಿರಾಗಿ ನಿಂತು ಅದರ ಶಕ್ತಿಯನ್ನೇ ಹೀರುತ್ತದೆ. ಕೊಡುವ ಕೈಯೇ ಕಸಿಯುವ ಕೈಯಾಗುತ್ತದೆ.

ಆಗ ಕುಹರದ ಶ್ರುತಿಯನ್ನು ಬೇಗನೆ ತಪ್ಪಿಸಬೇಕು. 1400 ಹರ್ಟ್ಸ್ ಸರಿಸಿದರೆ ಧಾರೆಯಿಂದ ಪ್ರೇರಿತವಾದ ವೋಲ್ಟೇಜು ಸುಮಾರು ಹತ್ತನೆಯ ಒಂದಂಶಕ್ಕೆ ಇಳಿಯುತ್ತದೆ. ಮೀಟರಿನಷ್ಟು ಉದ್ದದ ಕುಹರವನ್ನು ಸುಮಾರು 5 ಮೈಕ್ರಾನ್ ಹಿಗ್ಗಿಸಿದರೆ ಇಷ್ಟು ಸಾಧ್ಯ. ಪೀಜೋ ಸಾಧನವು ಕೆಲವು ನೂರು ಹರ್ಟ್ಸುಗಳನ್ನು ಮಿಲಿಸೆಕೆಂಡುಗಳಲ್ಲಿ ಸರಿಸಬಲ್ಲದು. ಅದರ ವ್ಯಾಪ್ತಿ ಮೀರಿದುದಕ್ಕೆ ನಿಧಾನಗತಿಯ ಮೋಟಾರು ಬೇಕು. ಆತುರದಿಂದ ತಳ್ಳಿದರೆ ಕುಹರವೇ ಕಂಪಿಸೀತು; ಆದುದರಿಂದ ವೇಗದೊಡನೆ ಹದವೂ ಅಗತ್ಯ.

ಅನುರಣನದ ಕಿರಿದುತನದಿಂದಲೇ ಶ್ರುತಿ ಸುಲಭವಾಗಿ ಕೆಡುತ್ತದೆ; ಆಪತ್ತಿನಲ್ಲಿ ರಕ್ಷಿಸುವುದೂ ಅದೇ ಎಂಬುದನ್ನು ನಾವು ಗಮನಿಸಬೇಕು.