ಕಲಿಸುವವಳೂ ಹೆಣ್ಣಾಗಿದ್ದರೆ...

ಮಗಳು ಚೆನ್ನಾಗಿ ಆಡುತ್ತಾಳೆಂದು ಸಂಭ್ರಮಿಸುವ ಅನೇಕ ತಾಯಂದಿರು ಅವಳು ಎಂಟನೆಯೋ ಒಂಬತ್ತನೆಯೋ ತರಗತಿಗೆ ಬಂದೊಡನೆ ಆಟ ಬಿಡಿಸಿಬಿಡುತ್ತಾರೆ. ಆಟ ಕೆಟ್ಟದ್ದೆಂದಲ್ಲ. ಕಲಿಸುವವರು ಯಾರು, ಊರೂರಿಗೆ ಕರೆದೊಯ್ಯುವವರು ಯಾರು ಎಂಬ ಚಿಂತೆ. ಹುಡುಗಿಯರಿಗೆ ಮಹಿಳೆಯರೇ ತರಬೇತಿ ನೀಡಬೇಕೆಂದು ಅಮೇರಿಕದ ಬಾಸ್ಕೆಟ್‌ಬಾಲ್ ತರಬೇತುದಾರ್ತಿಯೊಬ್ಬರೂ ಹೇಳಿದ್ದರು. ಆದರೆ ಅವರ ಕಾರಣ ಬೇರೆಯೇ ಆಗಿತ್ತು.

ಅವರು ಮಫೆಟ್ ಮೆಕ್‌ಗ್ರಾ. 1977ರಲ್ಲಿ ಪದವಿ ಮುಗಿಸಿದೊಡನೆ ಫಿಲಡೆಲ್ಫಿಯಾ ಬಳಿಯ ಆರ್ಚ್‌ಬಿಷಪ್ ಕ್ಯಾರೊಲ್ ಹೈಸ್ಕೂಲಿನ ಹುಡುಗಿಯರ ತಂಡವನ್ನು ವಹಿಸಿಕೊಂಡರು. ಎರಡು ವರ್ಷಗಳಲ್ಲಿ ತಂಡ ಗೆದ್ದದ್ದು 50 ಪಂದ್ಯ, ಸೋತದ್ದು ಮೂರೇ ಮೂರು! ಬಳಿಕ ಸ್ವಲ್ಪ ಕಾಲ ವೃತ್ತಿಪರ ಆಟಗಾರ್ತಿಯಾಗಿದ್ದು, ತಾನು ಓದಿದ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲೇ ಸಹಾಯಕಿಯಾದರು. 1982ರಲ್ಲಿ ಲೀಹೈ ವಿಶ್ವವಿದ್ಯಾಲಯ ಅವರನ್ನು ಮುಖ್ಯ ತರಬೇತುದಾರ್ತಿಯಾಗಿ ನೇಮಿಸಿದಾಗ ವಯಸ್ಸು ಕೇವಲ 26.

ಹೈಸ್ಕೂಲಿನಲ್ಲಿ ಗೆದ್ದವರೆಲ್ಲ ಕಾಲೇಜಿನಲ್ಲಿ ಗೆಲ್ಲುತ್ತಾರೆಂದಿಲ್ಲ. ಶಾಲೆಯಲ್ಲಾದರೆ ಬಂದ ಮಕ್ಕಳನ್ನೇ ತಿದ್ದಿ ತೀಡಬೇಕು. ಅಮೇರಿಕದ ಕಾಲೇಜುಗಳಲ್ಲಿ ಹಾಗಲ್ಲ. ಪ್ರತಿಭಾವಂತ ಹುಡುಗಿಯರನ್ನು ಊರೂರು ಅಲೆದು ಹುಡುಕಬೇಕು, ಅವರ ಮನೆಗೆ ಹೋಗಿ ತಂದೆತಾಯಿಯ ಎದುರು ಕೂತು ಮಾತನಾಡಬೇಕು. ಶುಲ್ಕ, ವಸತಿ, ಊಟ ಎಲ್ಲವನ್ನೂ ಕಾಲೇಜು ಕೊಡುತ್ತದೆ ನಿಜ. ಆದರೆ ಸಾವಿರಾರು ಮೈಲಿ ದೂರಕ್ಕೆ ಮಗಳನ್ನು ಕಳುಹಿಸುವ ತಾಯಿಗೆ ಅಷ್ಟೇ ಸಾಕೇ? ನನ್ನ ಮಗಳನ್ನು ನೋಡಿಕೊಳ್ಳುವವರು ಯಾರು ಎಂದು ಅವಳೂ ಕೇಳುತ್ತಾಳೆ. ಈ ವಿಷಯದಲ್ಲಿ ತಾಯಂದಿರೆಲ್ಲ ಒಂದೇ.

1987ರಲ್ಲಿ ಮೆಕ್‌ಗ್ರಾ ಇಂಡಿಯಾನದ ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ ಬಂದರು. ಹಝ್ರತ್ ಮರ್ಯಮ್(ಅ)ರ ನೆನಪಿಗೆ ಹೆಸರಿಟ್ಟ ಈ ಕ್ಯಾಥೊಲಿಕ್ ಸಂಸ್ಥೆ ಪದವಿ ತರಗತಿಗಳಿಗೆ ಹುಡುಗಿಯರನ್ನು ಸೇರಿಸಿಕೊಳ್ಳತೊಡಗಿದ್ದೇ 1972ರಲ್ಲಿ! ಅಲ್ಲಿ ಅವರು 33 ವರ್ಷ ದುಡಿದರು. ಆ ನಡುವೆ ತಾಯಿಯೂ ಆದರು, ಕೆಲಸ ಬಿಡಲಿಲ್ಲ. 2001 ಮತ್ತು 2018ರಲ್ಲಿ ಅವರ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಪೂರ್ಣಾವಧಿ ಆಡಿದ ಅವರ ಆಟಗಾರ್ತಿಯರೆಲ್ಲ ಪದವಿ ಪಡೆದೇ ಹೊರಬಂದರೆಂಬುದು ಟ್ರೋಫಿಗಿಂತ ದೊಡ್ಡದೆಂದು ನನಗನಿಸುತ್ತದೆ.

ಇನ್ನು ಅವರ ಆ ಮಾತಿನ ವಿಷಯ. 1972ರಲ್ಲೇ ಅಮೇರಿಕದಲ್ಲಿ 'ಟೈಟಲ್ ನೈನ್' ಎಂಬ ಕಾನೂನು ಬಂದು, ಸರಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣುಮಕ್ಕಳಿಗೆ ತಾರತಮ್ಯ ಮಾಡುವಂತಿಲ್ಲ ಎಂದಾಯಿತು. ಆಟದ ಮೈದಾನದಲ್ಲೂ ಹುಡುಗಿಯರು ಸಾವಿರಗಟ್ಟಲೆ ತುಂಬಿಕೊಂಡರು. ಆದರೆ ವಿಚಿತ್ರ ನೋಡಿ. ಕಾನೂನು ಬರುವ ಮುಂಚೆ ಕಾಲೇಜು ಮಹಿಳಾ ತಂಡಗಳ ತರಬೇತುದಾರರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಮಹಿಳೆಯರಾಗಿದ್ದರು. ಕಾನೂನು ಬಂದ ಬಳಿಕ ಅದು ಅರ್ಧಕ್ಕಿಂತಲೂ ಕೆಳಗಿಳಿಯಿತು. ಪುಡಿಗಾಸಿಗೆ, ಕೆಲವೊಮ್ಮೆ ಪುಕ್ಕಟೆಯಾಗಿ ಮಹಿಳೆಯರು ಮಾಡುತ್ತಿದ್ದ ಕೆಲಸಕ್ಕೆ ಒಳ್ಳೆಯ ಸಂಬಳ ಬಂದಾಗ ಪುರುಷರೂ ಅರ್ಜಿ ಹಾಕಿದರು. ನೇಮಕ ಮಾಡುವ ಕುರ್ಚಿಯಲ್ಲಿ ಕೂತಿದ್ದವರೂ ಹೆಚ್ಚಾಗಿ ಪುರುಷರೇ.

ಮೆಕ್‌ಗ್ರಾ ಹಲವು ವರ್ಷಗಳಿಂದ ತನ್ನ ಸಹಾಯಕರನ್ನಾಗಿ ಮಹಿಳೆಯರನ್ನೇ ಇಟ್ಟುಕೊಂಡಿದ್ದರು. ಇನ್ನು ಮುಂದೆ ಪುರುಷರನ್ನು ನೇಮಿಸುವುದಿಲ್ಲ ಎಂದು 2019ರಲ್ಲಿ ಬಹಿರಂಗವಾಗಿ ಹೇಳಿದಾಗ ಗದ್ದಲವೆದ್ದಿತು. ಇದೂ ತಾರತಮ್ಯವಲ್ಲವೇ ಎಂದು ಕೆಲವರು ಕೇಳಿದರು. ಪ್ರಶ್ನೆ ತಪ್ಪಲ್ಲ. ಆದರೆ ಪುರುಷರ ತಂಡಗಳ ತರಬೇತುದಾರರೆಲ್ಲ ಹೆಚ್ಚುಕಡಿಮೆ ಪುರುಷರೇ ಆಗಿರುವಾಗ ಈ ಪ್ರಶ್ನೆ ಯಾಕೆ ಏಳುವುದಿಲ್ಲ? ಹುಡುಗಿ ತಲೆಯೆತ್ತಿ ನೋಡಿದಾಗ ಮುನ್ನಡೆಸುವ ಸ್ಥಾನದಲ್ಲಿ ಹೆಣ್ಣು ಕಾಣಬೇಕು ಎಂಬುದು ಅವರ ವಾದ.

2020ರ ಎಪ್ರಿಲ್‌ನಲ್ಲಿ ಮೆಕ್‌ಗ್ರಾ ನಿವೃತ್ತರಾದರು. ಅವರ ಸ್ಥಾನಕ್ಕೆ ಬಂದವರು ನೀಲ್ ಐವಿ. 2001ರ ಚಾಂಪಿಯನ್ ತಂಡದ ಆಟಗಾರ್ತಿ, ಒಬ್ಬಂಟಿಯಾಗಿ ಮಗನನ್ನು ಬೆಳೆಸಿದ ಕಪ್ಪು ವರ್ಣದ ಮಹಿಳೆ. ಹನ್ನೆರಡು ವರ್ಷ ಮೆಕ್‌ಗ್ರಾರ ಸಹಾಯಕಿಯಾಗಿ ದುಡಿದು ಕೆಲಸ ಕಲಿತವರು.