ಕಚೇರಿಯ ಕಡತ ಮತ್ತು ವರ್ತಕರ ಗುಟ್ಟು

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನ ವರ್ತಕರು ಸರ್ಕಾರಿ ಕಚೇರಿಗೆ ಟೆಂಡರ್ ಸಲ್ಲಿಸಿದರೆ, ಅವರ ದರದ ಲೆಕ್ಕಾಚಾರವೂ ಅಲ್ಲಿನ ಕಡತ ಸೇರುತ್ತದೆ. ಮಾಹಿತಿ ಹಕ್ಕು ಅಧಿನಿಯಮ, 2005ರ ಅನ್ವಯ ಯಾವುದೇ ನಾಗರಿಕರು, ಪ್ರತಿಸ್ಪರ್ಧಿಯೂ ಸಹ, ಕಡತದ ಪರಿಶೀಲನೆ ಕೋರಬಹುದು. ಆದರೆ ಸ್ಪರ್ಧೆಯಲ್ಲಿ ಧಕ್ಕೆ ತರುವಂತಹ ವ್ಯಾಪಾರ ರಹಸ್ಯಕ್ಕೆ ಪ್ರಕರಣ 8(1)(ಡಿ) ರಕ್ಷಣೆ ನೀಡಿದೆ. ವ್ಯಾಪಕ ಸಾರ್ವಜನಿಕ ಹಿತಾಸಕ್ತಿಯಿದ್ದಲ್ಲಿ ಈ ರಕ್ಷಣೆ ಸಡಿಲವಾಗಬಹುದು.

ವರ್ತಕರು ಗೌಪ್ಯವೆಂದು ಪರಿಗಣಿಸಿದ ಮಾಹಿತಿಯನ್ನು ಒದಗಿಸಲು ಉದ್ದೇಶಿಸುವ ಮಾಹಿತಿ ಅಧಿಕಾರಿಯು, ಪ್ರಕರಣ 11ರಂತೆ, ಅರ್ಜಿ ತಲುಪಿದ 5 ದಿನಗಳೊಳಗೆ ಅವರಿಗೆ ನೋಟಿಸು ನೀಡಬೇಕು. ನೋಟಿಸು ಕೈಸೇರಿದ 10 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಮೌನವಾಗಿದ್ದರೆ ಈ ಅವಕಾಶ ಕೈತಪ್ಪುತ್ತದೆ. ಆಕ್ಷೇಪಣೆ ತಿರಸ್ಕೃತವಾದರೆ ಮೇಲ್ಮನವಿಗೂ ಅವಕಾಶವಿದೆ.

ಆದ್ದರಿಂದ ಕಾಗದಪತ್ರ ಸಲ್ಲಿಸುವಾಗಲೇ ಅಗತ್ಯ ಪುಟಗಳ ಮೇಲೆ ಮಾತ್ರ ‘ಗೌಪ್ಯ’ ಎಂದು ಬರೆದು, ಕಾರಣ ನಮೂದಿಸಿ, ಸ್ವೀಕೃತಿ ಪಡೆಯುವುದು ಕ್ಷೇಮ.